ಹಾಡು ಕಾಪಿ ಮಾಡಿದಷ್ಟೂ ದನಿ ಸವೆಯುತ್ತದೆಯೇ? ಹಳೆ ಕಂಪ್ಯೂಟರಿನ ಹಾಡುಗಳನ್ನು ಹೊಸದಕ್ಕೆ ಸಾಗಿಸುವ ಮುನ್ನ

"ಒಂದು ಹಾಡನ್ನು ಪದೇ ಪದೇ ಕಾಪಿ ಮಾಡಿದರೆ ಅದರ ದನಿ ಕೆಡುತ್ತದೆ. ಹಾಗಾಗಿ ಹೊಸ ಕಂಪ್ಯೂಟರಿಗೆ ಹಾಕುವಾಗ ಕಾಪಿ ಬೇಡ, ಕಟ್ ಮಾಡಿ ಪೇಸ್ಟ್ ಮಾಡಿ." ಈ ಬಗೆಯ ಸಲಹೆಯನ್ನು ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ಅಂಗಡಿಯಲ್ಲೋ, ಮನೆಮಂದಿಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲೋ ನೀವೂ ಕೇಳಿರಬಹುದು. ಇದರ ಮೊದಲ ಅರ್ಧ ತಪ್ಪು. ಎರಡನೇ ಅರ್ಧ ತಪ್ಪಷ್ಟೇ ಅಲ್ಲ, ಅದನ್ನು ನಂಬಿದರೆ ಇದ್ದ ಹಾಡುಗಳೂ ಕೈಬಿಟ್ಟು ಹೋಗಬಹುದು.

ಹೋದರೆ ಏನಾಯಿತು, ಯೂಟ್ಯೂಬ್‌ನಲ್ಲಿ ಎಲ್ಲಾ ಇದೆಯಲ್ಲ ಎಂದು ಕೇಳುವವರಿದ್ದಾರೆ. ಸಿನಿಮಾ ಹಾಡಿನ ಮಟ್ಟಿಗೆ ಈ ಮಾತು ಹೆಚ್ಚುಕಡಿಮೆ ಸರಿ. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯ ಮನೆಗಳ ಹತ್ತು-ಹದಿನೈದು ವರ್ಷ ಹಳೆಯ ಕಂಪ್ಯೂಟರಿನಲ್ಲಿ ಇರುವುದು ಸಿನಿಮಾ ಹಾಡು ಮಾತ್ರವಲ್ಲ. ಬನಶಂಕರಿ ಜಾತ್ರೆಯ ನಾಟಕದಲ್ಲಿ ಮುಂದಿನ ಸಾಲಿನಲ್ಲಿ ಕೂತು ಯಾರೋ ಮೊಬೈಲಿನಲ್ಲಿ ಹಿಡಿದ ರಂಗಗೀತೆ, ಊರಿನ ಭಜನಾ ಮೇಳದವರ ಏಕತಾರಿ ಪದ, ಮೊಹರಂನ ರಿವಾಯತ್ ಪದ, ಊರಿನವರೇ ಆಡಿದ ಬಯಲಾಟ, ಕೂಡಲಸಂಗಮದಲ್ಲಿ ಕೇಳಿದ ವಚನ ಗಾಯನ, ಮದುವೆಯಲ್ಲಿ ಸೋದರತ್ತೆಯರು ಹಾಡಿದ ಸೋಬಾನೆ, ಅಜ್ಜಿಯ ಬೀಸುಕಲ್ಲಿನ ಪದ ಇವೆಲ್ಲ ಅದೇ ಡಿ ಡ್ರೈವಿನಲ್ಲಿ ಸೇರಿಕೊಂಡಿರುತ್ತವೆ. ಇವು ಯಾವ ಆ್ಯಪಿನಲ್ಲೂ ಸಿಗುವುದಿಲ್ಲ. ಹಾಡಿದವರಲ್ಲಿ ಎಷ್ಟೋ ಜನ ಈಗ ಇಲ್ಲ.

ಆದ್ದರಿಂದ ಈ ಕೆಲಸವನ್ನು ಸ್ವಲ್ಪ ನಿಧಾನವಾಗಿ, ಅರ್ಥ ಮಾಡಿಕೊಂಡು ಮಾಡೋಣ.

ಈ ನಂಬಿಕೆ ಬಂದದ್ದು ಎಲ್ಲಿಂದ?

ಇದು ಯಾರೋ ಹುಟ್ಟಿಸಿದ ಸುಳ್ಳಲ್ಲ. ಕ್ಯಾಸೆಟ್ ಕಾಲದಲ್ಲಿ ಇದು ನಿಜವೇ ಆಗಿತ್ತು. ಕ್ಯಾಸೆಟ್ಟಿನ ಟೇಪಿನ ಮೇಲೆ ಕಾಂತೀಯ ಪುಡಿಯ ಲೇಪ ಇರುತ್ತದೆ. ದನಿಯ ಏರಿಳಿತವೇ ಆ ಪುಡಿಯ ಮೇಲೆ ಕಾಂತೀಯತೆಯ ಏರಿಳಿತವಾಗಿ ಕೂರುತ್ತದೆ. ಅದನ್ನು ಇನ್ನೊಂದು ಟೇಪಿಗೆ ಇಳಿಸಿದಾಗ ಮೊದಲನೆಯದರ 'ಸ್ಸ್' ಎಂಬ ಸದ್ದೂ ಜೊತೆಗೇ ಬರುತ್ತದೆ, ಎರಡನೆಯದರ ಸದ್ದು ಅದರ ಮೇಲೆ ಸೇರುತ್ತದೆ. ಪ್ರತಿಯ ಪ್ರತಿ ತೆಗೆದಂತೆಲ್ಲ ಹಾಡು ಹಿಂದೆ ಸರಿದು ಸದ್ದು ಮುಂದೆ ಬರುತ್ತದೆ. ಟೇಪ್ ರೆಕಾರ್ಡರಿನಿಂದ ಟೇಪ್ ರೆಕಾರ್ಡರಿಗೆ ಹಾಡು ಇಳಿಸಿಕೊಂಡ ತಲೆಮಾರಿಗೆ ಇದು ಕಿವಿಯಾರೆ ಗೊತ್ತು. ಆ ಅನುಭವವೇ ಈಗ ಪೆನ್‌ಡ್ರೈವಿನ ಬಗ್ಗೆಯೂ ಮಾತಾಡುತ್ತಿದೆ.

ಕಂಪ್ಯೂಟರಿನಲ್ಲಿ ಹಾಡು ಇರುವ ರೀತಿಯೇ ಬೇರೆ. ಅಲ್ಲಿ ದನಿ ಅಂಕಿಗಳಾಗಿ ಇರುತ್ತದೆ. ಆಡಿಯೋ ಸಿಡಿಯಲ್ಲಿ ಒಂದು ಸೆಕೆಂಡಿನ ದನಿಗೆ 44,100 ಸಲ ಅಳತೆ ತೆಗೆದು ಬರೆದಿರುತ್ತಾರೆ, ಅದೂ ಎಡ-ಬಲ ಎರಡೂ ಕಿವಿಗೆ ಬೇರೆ ಬೇರೆಯಾಗಿ. ಕಾಪಿ ಮಾಡುವುದೆಂದರೆ ಈ ಅಂಕಿಗಳನ್ನು ಇನ್ನೊಂದು ಕಡೆ ಬರೆದುಕೊಳ್ಳುವುದು. ಅಂಗಡಿಯ ಖಾತೆ ಪುಸ್ತಕದಲ್ಲಿ 4,250 ರೂಪಾಯಿ ಬಾಕಿ ಎಂದಿದ್ದರೆ ಅದನ್ನು ನೂರು ಪುಸ್ತಕಕ್ಕೆ ಇಳಿಸಿಕೊಂಡರೂ ಬಾಕಿ 4,250 ರೂಪಾಯಿಯೇ. ಅಕ್ಷರ ಮಾಸಬಹುದು, ಮೊತ್ತ ಸವೆಯುವುದಿಲ್ಲ. ನೂರನೇ ಕಾಪಿಯ ಹಾಡೂ ಮೊದಲನೆಯದೂ ಒಂದೇ.

ಇದನ್ನು ನೀವೇ ಪರೀಕ್ಷಿಸಬಹುದು. 7-ಜಿಪ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ, ಯಾವುದೇ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿದಾಗ 'ಸಿಆರ್‌ಸಿ ಎಸ್‌ಎಚ್‌ಎ' ಎಂಬ ಆಯ್ಕೆ ಬರುತ್ತದೆ. ಅದು ಫೈಲಿನ ಎಲ್ಲ ಅಂಕಿಗಳನ್ನೂ ಓದಿ ಕೊನೆಗೊಂದು ಗುರುತಿನ ಸಂಖ್ಯೆ ಕೊಡುತ್ತದೆ. ಇದಕ್ಕೆ ಹ್ಯಾಶ್ ಎನ್ನುತ್ತಾರೆ. ಫೈಲಿನಲ್ಲಿ ಒಂದೇ ಒಂದು ಅಂಕಿ ಬದಲಾದರೂ ಹ್ಯಾಶ್ ಪೂರ್ತಿ ಬೇರೆಯಾಗುತ್ತದೆ. ಒಂದು ಹಾಡನ್ನು ಎಷ್ಟು ಸಲ ಬೇಕೋ ಅಷ್ಟು ಸಲ ಕಾಪಿ ಮಾಡಿ, ಮೊದಲನೆಯದರ ಮತ್ತು ಕೊನೆಯದರ ಹ್ಯಾಶ್ ಹೋಲಿಸಿ ನೋಡಿ.

ಕಾಪಿ ಬೇರೆ, ಕನ್ವರ್ಟ್ ಬೇರೆ

ದನಿ ನಿಜವಾಗಿ ಕೆಡುವುದು ಕನ್ವರ್ಟ್ ಮಾಡಿದಾಗ. ಈ ಎರಡನ್ನೂ ಒಂದೇ ಎಂದುಕೊಂಡಿದ್ದರಿಂದಲೇ ಅರ್ಧ ಗೊಂದಲ.

ಸಿಡಿಯ ಹಾಡು ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ತಿನ್ನುತ್ತದೆ. ಅದೇ ಹಾಡು 128 ಕೆಬಿಪಿಎಸ್ ಎಂಪಿ3 ಆದಾಗ ನಿಮಿಷಕ್ಕೆ ಸುಮಾರು 1 ಎಂಬಿ. ಉಳಿದದ್ದೆಲ್ಲ ಎಲ್ಲಿಗೆ ಹೋಯಿತು? ಡೊಳ್ಳು ಜೋರಾಗಿ ಬಡಿಯುತ್ತಿರುವ ಆ ಕ್ಷಣದಲ್ಲಿ ಪಕ್ಕದ ತಾಳದ ಸಣ್ಣ ಸದ್ದು ನಮ್ಮ ಕಿವಿಗೆ ಗೊತ್ತಾಗುವುದಿಲ್ಲ. ಇಂಥ ಗೊತ್ತಾಗದ ವಿವರಗಳನ್ನು ಹುಡುಕಿ ಬಿಟ್ಟುಬಿಡುವುದೇ ಎಂಪಿ3ಯ ಜಾಣತನ. ಒಮ್ಮೆ ಬಿಟ್ಟದ್ದು ಮತ್ತೆ ಬರುವುದಿಲ್ಲ. ಎಂಪಿ3ಯನ್ನು ಡಬ್ಲ್ಯೂಎಂಎಗೆ, ಅದನ್ನು ಮತ್ತೆ ಎಂಪಿ3ಗೆ ಎಂದು ತಿರುಗಿಸುತ್ತಾ ಹೋದರೆ ಪ್ರತಿ ಸಲವೂ ಇನ್ನಷ್ಟು ಬಿಟ್ಟುಹೋಗುತ್ತದೆ.

ಇದರ ಜೊತೆಗೇ ಓಡಾಡುವ ಇನ್ನೊಂದು ಮಾತು: "ಹಳೆ ಹಾಡುಗಳನ್ನು 320 ಕೆಬಿಪಿಎಸ್‌ಗೆ ಕನ್ವರ್ಟ್ ಮಾಡಿದರೆ ಕ್ವಾಲಿಟಿ ಹೆಚ್ಚುತ್ತದೆ." ನೀರು ಬೆರೆಸಿದ ಮಜ್ಜಿಗೆಯನ್ನು ದೊಡ್ಡ ಕೊಡಕ್ಕೆ ಸುರಿದರೆ ಗಟ್ಟಿಯಾಗುತ್ತದೆಯೇ? ಫೈಲ್ ದೊಡ್ಡದಾಗುತ್ತದೆ, ಜಾಗ ತಿನ್ನುತ್ತದೆ, ದನಿ ಮೊದಲಿದ್ದದ್ದಕ್ಕಿಂತ ಒಂದು ಗುಲಗಂಜಿಯೂ ಹೆಚ್ಚುವುದಿಲ್ಲ. ಹೊಸ ಕಂಪ್ಯೂಟರಿಗೆ ಹಾಕುವಾಗ ಯಾವ ಹಾಡು ಯಾವ ರೂಪದಲ್ಲಿದೆಯೋ ಅದೇ ರೂಪದಲ್ಲಿ ಹಾಕಿ. ವಿಎಲ್‌ಸಿ ಪ್ಲೇಯರ್ ಒಂದಿದ್ದರೆ ಬಹುಪಾಲು ಎಲ್ಲವನ್ನೂ ಅದು ನುಡಿಸುತ್ತದೆ.

ವಾಟ್ಸ್‌ಆ್ಯಪ್ ಮೂಲಕ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಆಡಿಯೋ ಆಗಿ ಕಳಿಸಿದರೆ ಹಾಡಿನ ಹೆಸರು ಹೋಗಿ ತಾರೀಖು-ನಂಬರಿನ ಹೆಸರು ಬರುತ್ತದೆ. ಯಾವ ಪದ ಯಾರದೆಂದು ಆಮೇಲೆ ತಿಳಿಯುವುದಿಲ್ಲ. ವಿಡಿಯೋ ಆಗಿ ಕಳಿಸಿದರಂತೂ ಅದು ಕುಗ್ಗಿಯೇ ತಲುಪುತ್ತದೆ.

ಕಟ್ ಯಾಕೆ ಬೇಡ

ಕಟ್ ಮಾಡಿ ಪೇಸ್ಟ್ ಮಾಡಿದಾಗ ಹಾಡು ನೇರವಾಗಿ ಎದ್ದು ಆಚೆ ಹೋಗಿ ಕೂರುವುದಿಲ್ಲ. ಒಂದು ಡ್ರೈವಿನಿಂದ ಇನ್ನೊಂದಕ್ಕೆ ಕಟ್ ಮಾಡಿದರೆ ಕಂಪ್ಯೂಟರ್ ಮೊದಲು ಕಾಪಿಯನ್ನೇ ಮಾಡುತ್ತದೆ, ಆಮೇಲೆ ಮೂಲವನ್ನು ಅಳಿಸುತ್ತದೆ. ಅಂದರೆ ಯಾವ ಕಾಪಿಗೆ ಹೆದರಿ ಕಟ್ ಮಾಡಿದಿರೋ ಅದೇ ಕಾಪಿ ಆಯಿತು, ಜೊತೆಗೆ ಮೂಲವೂ ಹೋಯಿತು. ಆಚೆ ಸೇರಿದ್ದು ಸರಿಯಾಗಿ ಸೇರಿಲ್ಲದಿದ್ದರೆ ಹಿಂದಕ್ಕೆ ಹೋಗಲು ಏನೂ ಉಳಿಯುವುದಿಲ್ಲ.

ಸರಿಯಾಗಿ ಸೇರದಿರಲು ಕಾರಣ ಬೇಕಾದಷ್ಟಿವೆ. ಕರೆಂಟು ಹೋಗುವುದು ಒಂದು. ಅದಕ್ಕಿಂತ ದೊಡ್ಡ ಕಾರಣ ನಕಲಿ ಪೆನ್‌ಡ್ರೈವ್. "2 ಟಿಬಿ ಪೆನ್‌ಡ್ರೈವ್, ಕೆಲವೇ ನೂರು ರೂಪಾಯಿ" ಎಂಬ ಜಾಹೀರಾತಿನ ಫಾರ್ವರ್ಡ್ ನಿಮಗೂ ಬಂದಿರಬಹುದು. ಇವುಗಳ ಒಳಗೆ ಇರುವುದು ನಿಜವಾಗಿ 8 ಜಿಬಿಯದ್ದೋ 16 ಜಿಬಿಯದ್ದೋ ಚಿಪ್. ಆದರೆ ಅದನ್ನು ನಿಯಂತ್ರಿಸುವ ಚಿಕ್ಕ ಪ್ರೋಗ್ರಾಮನ್ನು ತಿದ್ದಿ, ಕಂಪ್ಯೂಟರ್ ಕೇಳಿದಾಗ "ನನ್ನಲ್ಲಿ 2 ಟಿಬಿ ಜಾಗ ಇದೆ" ಎಂದು ಹೇಳುವಂತೆ ಮಾಡಿರುತ್ತಾರೆ. ನೀವು 60 ಜಿಬಿ ಹಾಡು ಹಾಕುತ್ತೀರಿ. ಅದು ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ. ಫೋಲ್ಡರ್ ತೆರೆದರೆ ಎಲ್ಲ ಹಾಡಿನ ಹೆಸರೂ ಸಾಲಾಗಿ ಕಾಣುತ್ತವೆ. ಆದರೆ ನಿಜವಾದ ಜಾಗ ತುಂಬಿದ ಮೇಲೆ ಬಂದದ್ದನ್ನು ಅದು ಬಿಸಾಡಿರುತ್ತದೆ, ಇಲ್ಲವೇ ಮೊದಲು ಬಂದಿದ್ದರ ಮೇಲೆಯೇ ಬರೆದಿರುತ್ತದೆ. ಹೆಸರಿದೆ, ಹಾಡಿಲ್ಲ. ಕಟ್ ಮಾಡಿದ್ದವರ ಗತಿ ಆಗ ಏನೆಂದು ಹೇಳಬೇಕಾಗಿಲ್ಲ.

ಹೊಸ ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡ್ ತಂದಾಗ ಮೊದಲು ಅದನ್ನು ಪರೀಕ್ಷಿಸಿ. ವಿಂಡೋಸ್‌ನಲ್ಲಿ ಎಚ್‌2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ಸಾಧನ ಇಡೀ ಡ್ರೈವನ್ನು ತುಂಬಿಸಿ, ಮತ್ತೆ ಓದಿ, ಹೇಳಿದಷ್ಟು ಜಾಗ ಇದೆಯೇ ಇಲ್ಲವೇ ಎಂದು ತಿಳಿಸುತ್ತದೆ. ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ.

ಹಾಂ, "ಇಜೆಕ್ಟ್ ಮಾಡದೆ ಕಿತ್ತರೆ ಪೆನ್‌ಡ್ರೈವ್ ಸುಟ್ಟುಹೋಗುತ್ತದೆ" ಎಂಬ ಮಾತೂ ಇದೆ. ಸುಡುವುದಿಲ್ಲ. ಆದರೆ ಬರೆಯುವ ಕೆಲಸ ಇನ್ನೂ ನಡೆಯುತ್ತಿರುವಾಗ ಕಿತ್ತರೆ ಫೈಲ್ ಅರ್ಧಕ್ಕೇ ನಿಲ್ಲಬಹುದು, ಕೆಲವೊಮ್ಮೆ ಇಡೀ ಡ್ರೈವಿನ ಪಟ್ಟಿಯೇ ಕೆಡಬಹುದು. ಕಾರಣ ತಪ್ಪಾದರೂ ಇಜೆಕ್ಟ್ ಮಾಡುವ ಅಭ್ಯಾಸ ಒಳ್ಳೆಯದೇ.

ಎಂಪಿ3 ಮಾತ್ರ ಹುಡುಕಬೇಡಿ

ನಮ್ಮ ಪ್ರಕಾರ ಅತಿ ಹೆಚ್ಚು ನಷ್ಟ ಆಗುವುದು ಇಲ್ಲಿ. ಅಂಗಡಿಗೆ ಕಂಪ್ಯೂಟರ್ ಒಯ್ದು "ಹಾಡೆಲ್ಲಾ ಹೊಸದಕ್ಕೆ ಹಾಕಿಕೊಡ್ರಿ" ಎಂದರೆ ಅಂಗಡಿಯವರು ಸಾಮಾನ್ಯವಾಗಿ 'ಮ್ಯೂಸಿಕ್' ಫೋಲ್ಡರ್ ಎತ್ತಿ ಹಾಕುತ್ತಾರೆ. ಹೆಚ್ಚೆಂದರೆ ಎಂಪಿ3 ಎಂದು ಹುಡುಕಿ ಸಿಕ್ಕಿದ್ದನ್ನು ಹಾಕುತ್ತಾರೆ. ಸಿನಿಮಾ ಹಾಡುಗಳು ಒಂದೂ ಬಿಡದೆ ಬರುತ್ತವೆ. ಅಜ್ಜಿಯ ದನಿ ಅಲ್ಲೇ ಉಳಿಯುತ್ತದೆ.

ಯಾಕೆಂದರೆ ಆಗಿನ ಕೀಪ್ಯಾಡ್ ಮೊಬೈಲುಗಳು ರೆಕಾರ್ಡ್ ಮಾಡಿದ ದನಿಯನ್ನು ಎಂಪಿ3 ಆಗಿ ಇಡುತ್ತಿದ್ದುದು ಅಪರೂಪ. ಅವು ಹೆಚ್ಚಾಗಿ ಬಳಸುತ್ತಿದ್ದುದು ಎಎಂಆರ್ ಎಂಬ ರೂಪ, ಫೋನಿನ ಮಾತಿಗೆಂದೇ ಮಾಡಿದ್ದು. ವಿಡಿಯೋ ಹಿಡಿದಿದ್ದರೆ 3ಜಿಪಿ. ಈಗಿನ ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜುಗಳು ಓಪಸ್ ಎಂಬ ಇನ್ನೊಂದು ರೂಪದಲ್ಲಿರುತ್ತವೆ. ಬಯಲಾಟದ ವಿಸಿಡಿಯಿಂದ ಇಳಿಸಿಕೊಂಡಿದ್ದರೆ ಫೈಲಿನ ಕೊನೆಯಲ್ಲಿ 'ಡಾಟ್' ಎಂಬ ಮೂರಕ್ಷರದ ಬಾಲ ಇರುತ್ತದೆ. ಅದನ್ನು ಯಾವುದೋ ಪ್ರೋಗ್ರಾಮಿನ ಫೈಲ್ ಎಂದುಕೊಂಡು ಅಳಿಸುವವರೇ ಹೆಚ್ಚು. ಅದರೊಳಗೆ ಊರಿನ ಆಟ ಇರಬಹುದು.

ಹಾಗಾಗಿ ಹಾಡು ಹುಡುಕುವ ಬದಲು ಇಡೀ ಡಿ ಡ್ರೈವನ್ನೇ, ಡೆಸ್ಕ್‌ಟಾಪನ್ನೇ, ಮೈ ಡಾಕ್ಯುಮೆಂಟ್ಸನ್ನೇ ಕಾಪಿ ಮಾಡಿಕೊಳ್ಳುವುದು ಜಾಣತನ. ವಿಂಗಡಣೆ ಹೊಸ ಕಂಪ್ಯೂಟರಿನಲ್ಲಿ ಬಿಡುವಾದಾಗ ಆಗಲಿ. ಸಾಧಾರಣ ಪೆನ್‌ಡ್ರೈವ್ ಸೆಕೆಂಡಿಗೆ 10 ಎಂಬಿ ಬರೆದರೂ 60 ಜಿಬಿಗೆ ಬೇಕಾಗುವುದು 100 ನಿಮಿಷ, ಅಷ್ಟೇ. ಮನೆಯಲ್ಲಿ ಸಿಡಿಗಳಿದ್ದರೆ ಅವನ್ನೂ ಈಗಲೇ ಇಳಿಸಿಕೊಳ್ಳಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಅಂಗಡಿಯಲ್ಲಿ ಬರೆಸಿಕೊಂಡ ಸಿಡಿಗಳ ಒಳಗಿನ ಬಣ್ಣದ ಪದರ ನಮ್ಮ ಕಡೆಯ ಬಿಸಿಲಿಗೆ ನಿಧಾನಕ್ಕೆ ಕೆಡುತ್ತಲೂ ಇರುತ್ತದೆ.

ಕ್ಯಾಸೆಟ್ಟುಗಳು ಉಳಿದಿದ್ದರೆ ಅದು ಬೇರೆಯೇ ಕೆಲಸ. ಅವನ್ನು ಕಂಪ್ಯೂಟರಿಗೆ ಇಳಿಸುವಾಗ ಎಂಪಿ3 ಮಾಡದೆ ಡಬ್ಲ್ಯೂಎವಿ ಆಗಿ ಉಳಿಸಿ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ಸೂಚಿಸುವ ಕನಿಷ್ಠ ಮಟ್ಟ 48 ಕಿಲೋಹರ್ಟ್ಸ್, 24 ಬಿಟ್. ಇದರಲ್ಲಿ ಒಂದು ಗಂಟೆಯ ಸ್ಟೀರಿಯೋ ದನಿಗೆ ಸುಮಾರು 1 ಜಿಬಿ ಬೇಕು. ಈಗಿನ ಹಾರ್ಡ್‌ಡಿಸ್ಕಿಗೆ ಅದೇನು ಭಾರವಲ್ಲ.

ಊರು ಮುಳುಗಿತು, ವಿಳಾಸ ಹಳೆಯದೇ

ಹಾಡುಗಳೆಲ್ಲ ಬಂದವು, ಆದರೆ ವರ್ಷಗಟ್ಟಲೆ ಕೂತು ಮಾಡಿದ್ದ ಪ್ಲೇಲಿಸ್ಟ್ ಒತ್ತಿದರೆ ಒಂದೂ ಹಾಡುವುದಿಲ್ಲ. "ವೈರಸ್ ತಿಂದಿದೆ" ಎಂದು ಯಾರೋ ಹೇಳುತ್ತಾರೆ. ವೈರಸ್ ಏನೂ ಅಲ್ಲ.

ಬಾಗಲಕೋಟೆಯವರಿಗೆ ಇದನ್ನು ವಿವರಿಸುವುದು ಸುಲಭ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಹಳೆ ಊರಿನ ಬಡಾವಣೆಗಳನ್ನು ಮುಳುಗಿಸಿದಾಗ ಜನ ನವನಗರಕ್ಕೆ ಬಂದರು. ಮಂದಿ ಅವರೇ, ಓಣಿ ಹೋಗಿ ಸೆಕ್ಟರ್ ನಂಬರ್ ಬಂತು. ಹಳೆ ಓಣಿಯ ವಿಳಾಸ ಬರೆದು ಕಾಗದ ಹಾಕಿದರೆ ಅದು ಯಾರ ಮನೆಗೆ ಹೋಗಬೇಕು? ಪ್ಲೇಲಿಸ್ಟಿನ ಕತೆಯೂ ಇದೇ. ಪ್ಲೇಲಿಸ್ಟಿನೊಳಗೆ ಹಾಡು ಇರುವುದಿಲ್ಲ, ಹಾಡಿನ ವಿಳಾಸ ಮಾತ್ರ ಇರುತ್ತದೆ: ಡಿ ಡ್ರೈವ್, ಅದರೊಳಗೆ 'ಹಾಡು' ಫೋಲ್ಡರ್, ಅದರೊಳಗೆ 'ಜಾತ್ರೆ', ಅದರೊಳಗೆ ಮೂರನೇ ಹಾಡು. ಹೊಸ ಲ್ಯಾಪ್‌ಟಾಪುಗಳಲ್ಲಿ ಬಹಳಷ್ಟು ಸಲ ಡಿ ಡ್ರೈವೇ ಇರುವುದಿಲ್ಲ, ಸಿ ಒಂದೇ. ಪ್ಲೇಯರ್ ಹಳೆಯ ವಿಳಾಸಕ್ಕೆ ಹೋಗಿ ಬರಿಗೈಲಿ ವಾಪಸಾಗುತ್ತದೆ.

ಎಂ3ಯು ಮಾದರಿಯ ಪ್ಲೇಲಿಸ್ಟ್ ಆಗಿದ್ದರೆ ಅದು ಸಾದಾ ಬರಹದ ಫೈಲ್. ನೋಟ್‌ಪ್ಯಾಡಿನಲ್ಲಿ ತೆರೆದು, ಹಳೆಯ ವಿಳಾಸದ ಭಾಗವನ್ನು 'ರಿಪ್ಲೇಸ್' ಆಯ್ಕೆಯಿಂದ ಹೊಸದಕ್ಕೆ ಬದಲಿಸಿದರೆ ನೂರು ಹಾಡಿನ ಪಟ್ಟಿ ಒಂದೇ ಸಲಕ್ಕೆ ಸರಿಯಾಗುತ್ತದೆ. ಪ್ಲೇಯರಿನಲ್ಲಿ ನೀವು ಕೊಟ್ಟಿದ್ದ ಸ್ಟಾರುಗಳು, ಯಾವ ಹಾಡನ್ನು ಎಷ್ಟು ಸಲ ಕೇಳಿದಿರಿ ಎಂಬ ಲೆಕ್ಕ ಹೆಚ್ಚಾಗಿ ಆ ಪ್ಲೇಯರಿನ ಸ್ವಂತ ದಾಖಲೆಯಲ್ಲಿರುತ್ತವೆ. ಹಾಡಿನ ಜೊತೆ ಅವು ತಾವಾಗಿಯೇ ಬರುವುದಿಲ್ಲ.

ಹೆಸರುಗಳು ಕಲಸುಮೇಲೋಗರ ಆದಾಗ

ಹಾಡಿನ ಪಟ್ಟಿಯನ್ನು ಕನ್ನಡದಲ್ಲಿ ಟೈಪ್ ಮಾಡಿ ಇಟ್ಟಿದ್ದವರಿಗೆ ಇನ್ನೊಂದು ಗಾಬರಿ. ಹೊಸ ಕಂಪ್ಯೂಟರಿನಲ್ಲಿ ಆ ಫೈಲ್ ತೆರೆದರೆ ಕನ್ನಡದ ಬದಲು ತಲೆ ಮೇಲೆ ಗೆರೆ-ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಇದೂ ಕೆಟ್ಟ ಫೈಲಲ್ಲ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದಾಗ ಕಂಪ್ಯೂಟರ್ ಒಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಮತ್ತಿತರ ಅಕ್ಷರಗಳ ಸಂಕೇತಗಳೇ. ಫಾಂಟು ಅವುಗಳ ಮೇಲೆ ಕನ್ನಡದ ವೇಷ ಹಾಕುತ್ತಿತ್ತು. ಹೊಸ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ, ವೇಷ ಕಳಚಿತು. ಫಾಂಟ್ ಹಾಕಿಕೊಂಡರೆ ಕನ್ನಡ ಮತ್ತೆ ಕಾಣುತ್ತದೆ. ಅದಕ್ಕಿಂತ ಒಳ್ಳೆಯದು, ಉಚಿತವಾಗಿ ಸಿಗುವ ಕನ್ವರ್ಟರ್ ಬಳಸಿ ಅದನ್ನು ಯೂನಿಕೋಡಿಗೆ ಬದಲಿಸಿ ಇಟ್ಟುಕೊಳ್ಳುವುದು. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ. ನಿಮ್ಮ ಮೊಬೈಲಿನಲ್ಲಿ ಈ ಲೇಖನ ಓದಲು ಆಗುತ್ತಿರುವುದೂ ಅದರಿಂದಲೇ.

ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು 1,300 ವರ್ಷ ಹಳೆಯದು, ಅದರಲ್ಲಿ ತ್ರಿಪದಿಗಳಿವೆ. ಬೀಸುಕಲ್ಲಿನ ಪದಗಳದ್ದೂ ಅದೇ ಮೂರು ಸಾಲಿನ ಲೆಕ್ಕ. ಕಲ್ಲಿನ ಲಿಪಿ ಇಂದಿನದಲ್ಲದಿದ್ದರೂ ಯಾವ ಗುರುತು ಯಾವ ಅಕ್ಷರ ಎಂದು ಬಲ್ಲವರು ಇರುವುದರಿಂದ ಅದನ್ನು ಓದುತ್ತಾರೆ. ನಮ್ಮ ಹದಿನೈದು ವರ್ಷ ಹಳೆಯ ಪಟ್ಟಿಯನ್ನು ಓದಲು ಆಗದೆ ಅಳಿಸುವುದು ಸ್ವಲ್ಪ ಅವಸರವೇ.

ಮೊಬೈಲಿನಿಂದ ಇಳಿಸಿದ 'ಟ್ರ್ಯಾಕ್ 01', 'ವಾಯ್ಸ್ 007' ಎಂಬ ಹೆಸರುಗಳನ್ನೂ ಇದೇ ಹೊತ್ತಿನಲ್ಲಿ ಬದಲಿಸಿ. ಯಾರು ಹಾಡಿದ್ದು, ಯಾವ ಊರು, ಯಾವ ವರ್ಷ. ಮನೆಯಲ್ಲಿ ದನಿ ಗುರುತು ಹಿಡಿಯುವ ಹಿರಿಯರು ಇರುವಾಗಲೇ ಅವರನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿ ಬರೆದುಬಿಡಿ. ಇದನ್ನು ಯಾವ ತಂತ್ರಾಂಶವೂ ಮಾಡಿಕೊಡುವುದಿಲ್ಲ.

"ಎಲ್ಲಾ ಗೂಗಲ್‌ನಲ್ಲಿ ಇರುತ್ತದೆ"

ಇರುವುದಿಲ್ಲ. ಗೂಗಲ್ ಫೋಟೋಸ್ ಹೆಸರೇ ಹೇಳುವಂತೆ ಫೋಟೋ ಮತ್ತು ವಿಡಿಯೋಗಳನ್ನು ಮಾತ್ರ ಉಳಿಸುತ್ತದೆ, ದನಿಯ ಫೈಲುಗಳನ್ನು ಅದು ಮುಟ್ಟುವುದಿಲ್ಲ. ಗೂಗಲ್ ಪ್ಲೇ ಮ್ಯೂಸಿಕ್‌ನಲ್ಲಿ ಹಾಡು ಏರಿಸಿಟ್ಟಿದ್ದವರಿಗೆ 2021ರ ಫೆಬ್ರವರಿಯವರೆಗೆ ಗಡುವಿತ್ತು, ಆ ಬಳಿಕ ಅವು ಅಳಿದವು. 2024ರಲ್ಲಿ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ ಆ್ಯಪನ್ನು ನಿಲ್ಲಿಸಿತು. ಆ್ಯಪಿನೊಳಗೆ 'ಡೌನ್‌ಲೋಡ್' ಎಂದು ತೋರಿಸುವ ಹಾಡುಗಳು ನಿಮ್ಮ ಫೋನಿನಲ್ಲೇ ಇದ್ದರೂ ಬೀಗ ಹಾಕಿದ ಪೆಟ್ಟಿಗೆಯಲ್ಲಿರುತ್ತವೆ, ಬೀಗದ ಕೈ ಆ್ಯಪಿನ ಬಳಿ. ಅವನ್ನು ಕಂಪ್ಯೂಟರಿಗೆ ಕಾಪಿ ಮಾಡಿದರೂ ಹಾಡುವುದಿಲ್ಲ. ಹಳೆಯ ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲಿ ಸಿಡಿ ಇಳಿಸುವಾಗ 'ಕಾಪಿ ಪ್ರೊಟೆಕ್ಟ್' ಎಂಬ ಗುರುತು ಹಾಕಿದ್ದರೆ ಆ ಡಬ್ಲ್ಯೂಎಂಎ ಫೈಲುಗಳದ್ದೂ ಇದೇ ಪಾಡು. ಅಂಥವು ಸಿಕ್ಕರೆ ಸಿಡಿ ಇನ್ನೂ ಇರುವಾಗಲೇ ಮತ್ತೊಮ್ಮೆ ಇಳಿಸಿಕೊಳ್ಳಬೇಕು.

ಎಲ್ಲ ಕಾಪಿ ಆದ ಮೇಲೆ ಎರಡೂ ಕಡೆಯ ಫೋಲ್ಡರಿನ ಮೇಲೆ ಬಲಗುಂಡಿ ಒತ್ತಿ 'ಪ್ರಾಪರ್ಟೀಸ್' ನೋಡಿ. ಫೈಲುಗಳ ಸಂಖ್ಯೆಯೂ ಒಟ್ಟು ಬೈಟುಗಳೂ ಕೊನೆಯ ಅಂಕಿಯವರೆಗೆ ಒಂದೇ ಇರಬೇಕು. ಸಿನಿಮಾ ಹಾಡಿಗೆ ಇಷ್ಟು ಸಾಕು. ಮತ್ತೆ ಸಿಗದ ರೆಕಾರ್ಡಿಂಗುಗಳಿಗೆ ಹ್ಯಾಶ್ ಹೋಲಿಸಿ, ಪ್ರತಿಯೊಂದನ್ನೂ ಆರಂಭ, ನಡು, ಕೊನೆಯಲ್ಲಿ ಸ್ವಲ್ಪ ಸ್ವಲ್ಪ ಕೇಳಿ. ಅವುಗಳ ಇನ್ನೊಂದು ಪ್ರತಿಯನ್ನು ಬೇರೆ ಹಾರ್ಡ್‌ಡಿಸ್ಕಿಗೆ, ಮತ್ತೊಂದನ್ನು ಬೇರೆ ಊರಿನಲ್ಲಿರುವ ಅಕ್ಕನ ಮನೆಗೋ ಬೆಂಗಳೂರಿನಲ್ಲಿರುವ ಮಗನ ಲ್ಯಾಪ್‌ಟಾಪಿಗೋ ಹಾಕಿ. ಪೆನ್‌ಡ್ರೈವಿನಲ್ಲಿ ಹಾಕಿ ಟ್ರೆಜರಿಯಲ್ಲಿಟ್ಟು ಮರೆಯುವುದು ಬೇಡ. ಅದು ಅಂಕಿಗಳನ್ನು ವಿದ್ಯುತ್ ಕಣಗಳಾಗಿ ಹಿಡಿದಿಟ್ಟಿರುತ್ತದೆ. ವರ್ಷಗಟ್ಟಲೆ ಬಳಸದೆ ಬಿಟ್ಟರೆ ಅವು ಸೋರುತ್ತವೆ, ಬಿಸಿಲಿಗೆ ಇನ್ನೂ ಬೇಗ.

ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕುವ ಅವಸರವಿದ್ದರೆ ಡಬ್ಬಿಯನ್ನು ಕೊಟ್ಟು ಒಳಗಿನ ಹಾರ್ಡ್‌ಡಿಸ್ಕನ್ನು ಬಿಚ್ಚಿಸಿ ಇಟ್ಟುಕೊಳ್ಳಿ. ನಾಲ್ಕು ಸ್ಕ್ರೂ, ಎರಡು ವೈರು. ಯುಎಸ್‌ಬಿ ಕೇಸಿನೊಳಗೆ ಕೂರಿಸಿದರೆ ಹೊಸ ಲ್ಯಾಪ್‌ಟಾಪಿಗೆ ನೇರ ಸಿಕ್ಕಿಸಬಹುದು. ಬೆರಳುದ್ದದ ಸಣ್ಣ ಪಿನ್ನುಗಳ ಬದಲು ಅಗಲವಾದ 40 ಪಿನ್ನಿನ ಪಟ್ಟಿ ಇದ್ದರೆ ಅದು ಹಳೆಯ ಐಡಿಇ ಮಾದರಿಯದ್ದು. ಕೇಸ್ ಕೊಳ್ಳುವಾಗ ಐಡಿಇ ಎಂದು ಹೇಳಿ ಕೇಳಿ.